ಕೇಳಿಯೇ ತೆಗೆಯುತ್ತಿದ್ದ ಮಾವ

ನಮ್ಮ ಸೋದರಮಾವನಷ್ಟು ಕೆಟ್ಟ ಫೋಟೋಗ್ರಾಫರ್ ಮಾಗಡಿ ಸೀಮೆಯಲ್ಲೇ ಇರಲಿಲ್ಲ. ಅನುಮಾನವಿದ್ದರೆ ಅವರು ಸ್ಟುಡಿಯೋ ಇಟ್ಟಾಗಿನಿಂದ ತೆಗೆದ ಫೋಟೋಗಳನ್ನೆಲ್ಲ ಹರಡಿಕೊಂಡು ನೋಡಿ. ಒಬ್ಬರಾದರೂ ತಮ್ಮ ಪಾಡಿಗೆ ತಾವು ನಕ್ಕದ್ದುಂಟೆ? ಮೈಮರೆತು ಎತ್ತಲೋ ನೋಡಿದ್ದುಂಟೆ? ಊಹುಂ! ಎಲ್ಲರೂ ತಲೆ ಬಾಚಿಕೊಂಡು, ಉಸಿರು ಬಿಗಿಹಿಡಿದು, ಕ್ಯಾಮೆರಾವನ್ನೇ ದಿಟ್ಟಿಸುತ್ತಿರುತ್ತಾರೆ. ಕಾರಣ ಇಷ್ಟೇ. "ತೆಗೀಲಾ?" ಎಂದು ಕೇಳದೆ, ಎದುರಿನವರು "ಹೂಂ" ಅನ್ನದೆ ಮಾವ ಬಟನ್ ಒತ್ತಿದವರೇ ಅಲ್ಲ.

ಮದುವೆಮನೆಯಲ್ಲೂ ಇದೇ ಕಥೆ. ಸೋಲೂರಿನ ಒಂದು ಮದುವೆಯಲ್ಲಿ ಗಟ್ಟಿಮೇಳ ಮೊಳಗುತ್ತಿದೆ, ಅಕ್ಷತೆ ಬೀಳುತ್ತಿದೆ, ಮಾವ ಬಗ್ಗಿ ಮದುಮಗಳನ್ನು ಕೇಳುತ್ತಿದ್ದಾರೆ: "ತೆಗೀಲಾ ಅವ್ವ?" ಅವಳು ನಾಚಿಕೊಂಡು ತಲೆ ಎತ್ತಿ ಹೂಂ ಅನ್ನುವಷ್ಟರಲ್ಲಿ ಮೂರು ಗಂಟೂ ಬಿದ್ದಾಗಿತ್ತು! ಫೋಟೋಕ್ಕೋಸ್ಕರ ಮದುಮಗ ಇನ್ನೊಮ್ಮೆ ತಾಳಿ ಹಿಡಿದು ಕೂರಬೇಕಾಯಿತು.

ಹುಡುಗಿಯ ಅಪ್ಪ ರೇಗಿದರು. "ಫೋಟೋಕ್ಕೆ ಹೇಳ್ದೋನು ನಾನು. ಅವಳ್ನೇನ್ರೀ ಕೇಳೋದು?"

"ಮೊಕ ಅವಳ್ದಲ್ವಾ ಗೌಡ್ರೇ?" ಅಂದರು ಮಾವ.

ಇದನ್ನಾದರೂ ಒಪ್ಪಿಕೊಳ್ಳೋಣ. ಸತ್ತವರನ್ನೂ ಕೇಳಿದರೆ? ನಮ್ಮ ಕಡೆ ಹಿರಿಯರು ತೀರಿಕೊಂಡರೆ ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿ, ಮನೆಮಂದಿ ಸುತ್ತ ನಿಂತು ಫೋಟೋ ತೆಗೆಸುವುದುಂಟು. ಕಲ್ಯದಲ್ಲಿ ಒಬ್ಬ ಅಜ್ಜ ಹೋದಾಗ ಮಾವ ಹೆಣದ ಮುಂದೆ ಬಗ್ಗಿ, "ತೆಗೀಲಾ ಯಜಮಾನ್ರೇ?" ಎಂದು ಕೇಳಿ ಕಾದು ನಿಂತರು!

"ಅಪ್ಪ ಎಲ್ಲಿ ಮಾತಾಡ್ತದೆ ಸಾಮಿ? ತೆಗೀರಿ," ಅಂದ ಮಗ.

"ಗೊತ್ತು ಕಣಪ್ಪ. ಆದ್ರೂ ಕೇಳ್ಬೇಕು," ಎಂದು ಮಾವ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಅಳುತ್ತಲೇ, "ತೆಗೀರಪ್ಪ. ಬದುಕಿದ್ದಾಗ್ಲೂ ಅವ್ರ ಮಾತೆಲ್ಲ ನಾನೇ ಆಡ್ತಿದ್ದೆ" ಅಂದರು. ಸಾವಿನ ಮನೆ ಅನ್ನುವುದನ್ನೂ ಮರೆತು ಎಲ್ಲರೂ ನಕ್ಕರು.

ನಾನು ಮಾವನ ಹಾಗಲ್ಲ, ಜಾಣ! ಒಳ್ಳೆಯ ಫೋನು ಕೈಗೆ ಬಂದದ್ದೇ ತಡ, ಕಂಡಕಂಡವರನ್ನೆಲ್ಲ ಅವರಿಗೆ ಗೊತ್ತಾಗದಂತೆ ಹಿಡಿಯುವ ಹುಚ್ಚು ಹತ್ತಿತು. ಒಂದು ದಿನ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಗೂಡಿನ ರಾಶಿಯ ಪಕ್ಕ ಕೂತು ಒಬ್ಬ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಕಿಟಕಿಯ ಬೆಳಕು ಸರಿಯಾಗಿ ಮುಖದ ಮೇಲಿತ್ತು. ತೆಗೆದೆ, ಫೇಸ್‌ಬುಕ್ಕಿಗೆ ಹಾಕಿದೆ. ಹೊಗಳಿಕೆಯೋ ಹೊಗಳಿಕೆ! ಬೀಗುತ್ತಾ ಮಾವನಿಗೂ ತೋರಿಸಿದೆ.

"ಯಾರ್ಲಾ ಇದು?"

"ಗೊತ್ತಿಲ್ಲ ಮಾವ."

"ಗುರ್ತಿಲ್ಲದೋರ ಅಳು ನಿನ್ ಫೋನಲ್ಲಿ ಯಾಕ್ಲಾ ಐತೆ?"

"ಅಷ್ಟು ಜನರ ಮಧ್ಯೆ ಕೂತು ಅಳ್ತಿದ್ರು. ಎಲ್ರೂ ನೋಡ್ತಿದ್ರಲ್ಲ?"

"ನೋಡ್ದೋರು ಮರೀತಾರೆ ಕಣ್ಲಾ. ಇದು ಮರೀತದಾ?"

ಅಳಿಸುತ್ತೇನೆ ಬಿಡಿ ಅಂದೆ. ಮಾವ ಬಿಡಲಿಲ್ಲ. ಮೊದಲು ಅವಳಿಗೆ ಹೇಳಬೇಕಂತೆ! ಆದರೆ ಗೂಡು ತಂದವರು ಮುಂದಿನ ಬೆಳೆ ಬರುವವರೆಗೆ ಮಾರುಕಟ್ಟೆಯ ಕಡೆ ತಲೆ ಹಾಕುವುದಿಲ್ಲ. ವಾರಕ್ಕೆರಡು ಸಲ ಮಾಗಡಿಯಿಂದ ರಾಮನಗರಕ್ಕೆ ಬಸ್ಸು ಹತ್ತಿದೆವು. ಎರಡನೆಯ ತಿಂಗಳಲ್ಲಿ ಆಕೆ ಸಿಕ್ಕಳು. ಸಾತನೂರಿನ ಕಡೆಯವಳು. ಫೋನು ಮುಂದೆ ಹಿಡಿದು ತಪ್ಪೊಪ್ಪಿಕೊಂಡೆ. ಆಕೆ ತುಂಬ ಹೊತ್ತು ನೋಡಿದಳು.

"ಮಗ ಹೋದ್ಮೇಲೆ ಮನೇಲಿ ಅಳಂಗಿಲ್ಲ ಕಣಪ್ಪ. ನಾನತ್ರೆ ಸೊಸೆ ಅಳ್ತಾಳೆ, ಮಕ್ಕಳು ಅಳ್ತವೆ. ಇಲ್ಲಿ ಯಾರ್ಗೂ ನನ್ ಗುರ್ತಿಲ್ಲ ಅಂತ ಒಸಿ ಅತ್ಕಂಡೆ."

ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಆಕೆಯ ಎದುರೇ ಫೋಟೋ ಅಳಿಸಿದೆ. ಆದರೆ ಅಷ್ಟರಲ್ಲಿ ಅದು ಯಾರ್ಯಾರ ಫೋನಿಗೆ ಹೋಗಿತ್ತೋ, ಅಲ್ಲಿಂದ ವಾಪಸು ತರುವುದು ಹೇಗೆ? ಅದನ್ನೂ ಹೇಳಿದೆ. ಏನಾದರೂ ಮಾಡಿ ಸರಿಪಡಿಸಬೇಕೆನಿಸಿ, "ಚೆನ್ನಾಗಿರೋದು ಒಂದು ತೆಗೀಲಾ ಅಮ್ಮ?" ಅಂದೆ. ನನ್ನ ಜನ್ಮದಲ್ಲಿ ಹಾಗೆ ಕೇಳಿದ್ದು ಅದೇ ಮೊದಲು.

"ಬ್ಯಾಡ ಕಣಪ್ಪ," ಅಂದಳು.

ಆಚೆ ಬಂದ ಮೇಲೆ ಮಾವ ಹೆಗಲ ಮೇಲೆ ಕೈ ಇಟ್ಟರು. "ಕೇಳುದ್ರೆ ಹಿಂಗೂ ಅಂತಾರೆ. ಅದ್ಕೇ ಕೇಳ್ಬೇಕು."

ಹೋದ ವರ್ಷ ಮಾವ ತೀರಿಕೊಂಡರು. ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿದ್ದೇ ತಡ, ನೆಂಟರೆಲ್ಲ ಫೋನು ಎತ್ತಿದರು. "ಇಳಿಸ್ರಿ ಎಲ್ಲಾ!" ಎಂದು ಕೂಗಿಬಿಟ್ಟೆ. ಮಾವನ ಹಳೆಯ ಕ್ಯಾಮೆರಾ ಯಾವತ್ತೋ ಕೆಟ್ಟಿತ್ತು. ನನ್ನ ಫೋನನ್ನೇ ಹಿಡಿದು ಅವರ ಮುಂದೆ ಬಗ್ಗಿದೆ.

"ತೆಗೀಲಾ ಮಾವ?"

ಈ ಸಲ ಯಾರೂ ನಗಲಿಲ್ಲ. ನಾನು ಕಾದು ನಿಂತೆ. ಅತ್ತೆ ಎದ್ದು ಬಂದರು. ಗಂಡನ ಅಂಗಿಯ ಮೇಲಿನ ಗುಂಡಿ ಹಾಕಿದರು, ಸೆರಗಿನ ತುದಿಯಿಂದ ಹಣೆ ಒರೆಸಿದರು, ಬಗ್ಗಿ ಅವರ ಬಾಯಿಯ ಹತ್ತಿರ ಕಿವಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ಹೂಂ ಅಂದ್ರು. ತೆಗಿ ಮಗ."