ಸೀರಿಯಲ್ಲಿನ ತಾತ, ಫ್ರೀಮಾಂಟಿನ ತಾತ

ನನ್ನದು ಮಾತು ಕಡಿಮೆ. ನಾವು ಸುಮ್ಮನಿದ್ದರೆ ಜನರೂ ನಮ್ಮನ್ನು ಸುಮ್ಮನೆ ಬಿಡುತ್ತಾರೆ ಅಂದುಕೊಂಡಿದ್ದೆ. ಬಿಡುವುದಿಲ್ಲ. ನಾವು ಆಡದ ಮಾತಿನ ಜಾಗಕ್ಕೆ ಅವರವರು ಟೀವಿಯಲ್ಲಿ ನೋಡಿದ್ದನ್ನು ತುಂಬುತ್ತಾರೆ. ಅಮೆರಿಕದ ಫ್ರೀಮಾಂಟಿನಲ್ಲಿರುವ ಮಗಳ ಮನೆಗೆ ಬಂದ ಮೇಲೆ ಇದು ನಡೆಯುತ್ತಲೇ ಇದೆ. ಅದರಿಂದ ನನಗೇನೂ ಬೇಸರವಿಲ್ಲ. ಮೊಮ್ಮಗಳು ನನ್ನ ಹತ್ತಿರ ಮಾತಾಡುತ್ತಿರಲಿಲ್ಲ, ಅದೊಂದೇ ಬೇಸರ. ಅಜ್ಜಿಯ ಹತ್ತಿರ ವಟವಟ ಅನ್ನುವವಳು, ನಾನು ಏನು ಕೇಳಿದರೂ "ಫೈನ್, ತಾತ" ಅಂದು ಓಡುತ್ತಿದ್ದಳು.

೧. ಬೇಲಿಯಾಚೆ

ಪಕ್ಕದ ಮನೆಯಲ್ಲಿ ನನ್ನ ವಯಸ್ಸಿನ ಅಮೆರಿಕನ್ನರೊಬ್ಬರು ಇದ್ದಾರೆ. ಬೆಳಿಗ್ಗೆ ನಾನು ಹಿತ್ತಲಲ್ಲಿ ಕಣ್ಣು ಮುಚ್ಚಿ ಕೂರುತ್ತೇನೆ. ಅವರು ಮಗಳನ್ನು ಕೇಳಿದರಂತೆ: "ನಿಮ್ಮ ತಂದೆ ಗುರುಗಳೇ? ಇಂಥವರನ್ನು ಟೀವಿಯಲ್ಲಿ ನೋಡಿದ್ದೇನೆ."

ಒಂದು ದಿನ ಬೇಲಿಯ ಮೇಲಿಂದ ನನ್ನನ್ನೇ ಕೇಳಿದರು: "ಮಗ ಫೋನ್ ಮಾಡುವುದಿಲ್ಲ. ಏನು ಮಾಡಲಿ?"

"ನೀವೇ ಮಾಡಿ" ಅಂದೆ.

ಕೈಮುಗಿದು ಹೋದರು. ಸಂಜೆ ಒಂದು ಬುಟ್ಟಿ ನಿಂಬೆಹಣ್ಣು ಬಂತು. ನಾನು ಅಲ್ಲಿ ಕೂತು ತೂಕಡಿಸುತ್ತೇನೆ ಅಂತ ಮಗಳು ಅವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ನಿಂಬೆಹಣ್ಣು ನಿಲ್ಲುತ್ತದಂತೆ.

೨. ಪಾರ್ಕಿನ ಬೆಂಚು

ಪಾರ್ಕಿನಲ್ಲಿ ಮಂಡ್ಯದ ಹಿರಿಯರೊಬ್ಬರು ಸಿಗುತ್ತಾರೆ. ಫೋನಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ.

"ನೋಡಿ ಸಾರ್, ಈ ದೇಶದಲ್ಲಿ ಸೊಸೇರಿಗೆ ಹಿರಿಯರು ಲೆಕ್ಕಕ್ಕೇ ಇಲ್ವಂತೆ."

ಅಷ್ಟರಲ್ಲಿ ಅವರ ಸೊಸೆ ಫ್ಲಾಸ್ಕಿನಲ್ಲಿ ಕಾಫಿ ತಂದಳು. ಗಾಳಿ ಜೋರಾಗಿದೆ ಅಂತ ಸ್ವೆಟರನ್ನೂ ಹೊದಿಸಿದಳು. ಅವರು ಒಂದು ಗುಟುಕು ಕುಡಿದರು.

"ಸಕ್ಕರೆ ಕಮ್ಮಿ ಆಯ್ತಲ್ಲವ್ವಾ" ಅಂದು ನನ್ನ ಕಡೆ ತಿರುಗಿದರು. "ಏನ್ ಹೇಳ್ತಿದ್ದೆ ಸಾರ್? ಹ್ಞಾ, ಲೆಕ್ಕಕ್ಕೇ ಇಲ್ಲ!"

೩. ನಗು

ನನ್ನಾಕೆ ಮತ್ತು ಮೊಮ್ಮಗಳು ದಿನಾ ಒಟ್ಟಿಗೆ ಕೂತು ಕನ್ನಡ ಸೀರಿಯಲ್ ನೋಡುತ್ತಾರೆ. ಹುಡುಗಿಗೆ ಬರುವ ಕನ್ನಡವೆಲ್ಲ ಅಲ್ಲಿಯದೇ. ಒಮ್ಮೆ ಅಳಿಯ ಫೋನ್ ನೋಡಿಕೊಂಡು ಒಬ್ಬನೇ ನಕ್ಕ.

"ಅಜ್ಜಿ, ಅಪ್ಪ ಏನೋ ಸಂಚು ಮಾಡ್ತಿದ್ದಾರೆ" ಅಂದಳು.

"ಇರಬಹುದು" ಅಂದಳು ನನ್ನಾಕೆ.

೪. ಎದೆ

ಹೋದ ತಿಂಗಳು ಮೊಮ್ಮಗಳು ನನ್ನನ್ನು ಸೋಫಾದಲ್ಲಿ ಕೂರಿಸಿದಳು. ಬೆನ್ನಿಗೆ ದಿಂಬು ಕೊಟ್ಟಳು, ಕೈಗೆ ನೀರು ಕೊಟ್ಟಳು.

"ತಾತ, ನಾನು ಸ್ವಿಮ್ ಟೀಮಿಗೆ ಸೆಲೆಕ್ಟ್ ಆಗ್ಲಿಲ್ಲ."

"ಸರಿ" ಅಂದೆ.

ಅವಳು ನನ್ನ ಎದೆಯನ್ನೇ ನೋಡುತ್ತಿದ್ದಳು. "ನೋವಾಗ್ತಿಲ್ವಾ?"

"ಯಾಕೆ?"

"ಸೀರಿಯಲ್ಲಲ್ಲಿ ತಾತಂಗೆ ಏನಾದ್ರೂ ಬ್ಯಾಡ್ ನ್ಯೂಸ್ ಹೇಳಿದ್ರೆ ಎದೆ ಹಿಡ್ಕೊಂಡು ಬಿದ್ದುಬಿಡ್ತಾರೆ. ಮಾತಾಡದೇ ಇರೋ ತಾತ ಎಲ್ರಿಗಿಂತ ಫಸ್ಟ್."

ಇಷ್ಟು ದಿನ "ಫೈನ್, ತಾತ" ಅಂದದ್ದು ಅದಕ್ಕೆ. ನನ್ನನ್ನು ಉಳಿಸಿಕೊಳ್ಳುತ್ತಿದ್ದಳು. ಎದೆಯಲ್ಲಿ ನಿಜಕ್ಕೂ ಏನೋ ಆಯಿತು. ಕೈ ಅಲ್ಲಿಗೆ ಹೋಗದಂತೆ ನೋಡಿಕೊಂಡೆ.

"ಇನ್ನೂ ಇದ್ದರೆ ಹೇಳು" ಅಂದೆ.

ಅವಳು ಅಡುಗೆಮನೆಯ ಕಡೆ ತಿರುಗಿ ಕೂಗಿದಳು: "ಅಜ್ಜೀ, ತಾತ ಸಾಯ್ಲಿಲ್ಲ!"

"ಹಾಗಾದ್ರೆ ಕೊತ್ತಂಬರಿ ಬಿಡಿಸಿಕೊಡೋಕೆ ಹೇಳು" ಅಂದಳು ನನ್ನಾಕೆ.

ಬಿಡಿಸುತ್ತಾ ಕೂತೆ. ಮೊಮ್ಮಗಳು ಪಕ್ಕದಲ್ಲಿ ಕೂತು, ಕೂಡಿಟ್ಟಿದ್ದ ಕೆಟ್ಟ ಸುದ್ದಿಗಳನ್ನೆಲ್ಲ ಹೇಳಿದಳು, ಒಂದೊಂದಕ್ಕೂ ನನ್ನ ಎದೆ ನೋಡಿಕೊಂಡು.