ಎಡಗಡೆ ಕಿಟಕಿಯ ಕಾಳಗ

ಕೇಳಿರಯ್ಯಾ. ಕಲಿಯುಗದ ಪ್ರಥಮಪಾದದಲ್ಲಿ, ಭರತಖಂಡದ ದಕ್ಷಿಣಭಾಗದಲ್ಲಿ, ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲವೆಂಬ ಫಲಕವು ಮೋಡಮಲ್ಲೇಶ್ವರ ಬೆಟ್ಟದ ಅರಣ್ಯದ ಗೇಟಿನಲ್ಲಿ ನೆಲೆಗೊಂಡು, ಸಾಹುಕಾರನ ಕಾರೂ ಬಡವನ ಟೆಂಪೋವೂ ಸರಿಸಮಾನವಾಗಿ ಹೊರಗೆ ನಿಂತು ಬಿಸಿಲು ಕಾಯುತ್ತ, ಬೆಟ್ಟವೇರುವ ಸಕಲ ಭಕ್ತಸ್ತೋಮಕ್ಕೂ ಒಂದೇ ಒಂದು ಕೆಂಪು ಬಸ್ಸು ಗತಿಯಾಗಿದ್ದ ಮಹಾಕಾಲದಲ್ಲಿ, ನಂಜನಗೂಡಿನಲ್ಲೊಂದು ಹಿಟ್ಟಿನ ಗಿರಣಿಯನ್ನು ಆಳುತ್ತಿದ್ದವನು ರಾಗಿಧೂಳಿಧೂಸರಿತಗಾತ್ರನೂ, ಗಿರಣಿಘೋಷಬಧಿರಿತವಾಮಕರ್ಣನೂ, ಮಿತಭಾಷಿಯೂ ಆದ ಪಾಲಾಕ್ಷಪ್ಪನು. ಅವನ ಹೆಗಲ ಮೇಲಿನ ಬಿಳಿಯ ಟವಲನ್ನು ಮೊದಲು ಸ್ತುತಿಸಿ ಆಮೇಲೆ ಕಥೆಗೆ ಬರುತ್ತೇನೆ. ಗಣಪತಿಯ ಅಪ್ಪಣೆ ಕೇಳುವುದು ವಾಡಿಕೆ. ಆದರೆ ಈ ಕಥೆಯಲ್ಲಿ ಆನೆಯ ಪ್ರಸ್ತಾಪ ಬರುವ ರೀತಿಯಿಂದ ಅವನಿಗೆ ಮುಜುಗರವಾದೀತೆಂದು ಬಿಟ್ಟಿದ್ದೇನೆ.

ಸ್ವೇದಾಪಹಾರಿಯೇ, ಶಿಶುನಿದ್ರಾಶಯನವೇ, ಬಿಸಿಪಾತ್ರಾವತರಣಸಾಧನವೇ, ಬಸ್ಸಿನ ಕಿಟಕಿಯಿಂದ ಒಳಗೆ ಬಿದ್ದ ಮಾತ್ರಕ್ಕೆ ಸೀಟಿನ ಮೇಲೆ ರಾಜಮುದ್ರೆಯಾಗಿ ಕೂರುವ ಶ್ವೇತಪಟವೇ, ನಿನಗೆ ನಮಸ್ಕಾರ. ಬೀಗ ಹಾಕಿದ ಮನೆಗೆ ನುಗ್ಗುವ ಕಳ್ಳನೂ ಟವಲು ಹಾಕಿದ ಸೀಟಿನಲ್ಲಿ ಕೂರಲಾರ. ಈ ನಾಡಿನಲ್ಲಿ ಅಣ್ಣತಮ್ಮಂದಿರು ಗದ್ದೆಯ ಬದು ಒತ್ತಿದ್ದಾರೆ, ದಾಯಾದಿಗಳು ಗೋಡೆ ಸರಿಸಿದ್ದಾರೆ. ಒಬ್ಬರ ಟವಲನ್ನು ಇನ್ನೊಬ್ಬರು ಸರಿಸಿದ ದಾಖಲೆ ಮಾತ್ರ ಇಲ್ಲ.

ಇನ್ನು ಯುದ್ಧದ ಕಾರಣ. ಪಾಲಾಕ್ಷಪ್ಪನ ಮಡದಿ ಮಂಗಳ. ಅವಳ ಅಕ್ಕ ದಾಕ್ಷಾಯಿಣಿ. ಈ ದಾಕ್ಷಾಯಿಣಿಯು ಹಿಂದೊಮ್ಮೆ ಇದೇ ಬೆಟ್ಟಕ್ಕೆ ಬಂದಾಗ, ಇದೇ ಬಸ್ಸಿನ ಎಡಗಡೆ ಕಿಟಕಿಯಲ್ಲಿ ಕುಳಿತಿದ್ದು, ಸೀಗೆಮೆಳೆಯ ತಿರುವಿನಲ್ಲಿ ಸಾಕ್ಷಾತ್ ಕಾಡಾನೆಯನ್ನು ಕಂಡವಳು. ಕಂಡವಳೇ ಭಯಭಕ್ತಿಗಳಿಂದ ಕಣ್ಣು ಮುಚ್ಚಿ ಕೈಮುಗಿದವಳು. ಅಂದಿನಿಂದ ಆ ಆನೆಯು ಆಕೆಯ ಬಾಯಲ್ಲಿ ನಾಮಕರಣಗಳಿಗೆ ಬಂತು, ಗೃಹಪ್ರವೇಶಗಳಿಗೆ ಬಂತು, ತೀರಿಹೋದ ಸೋದರಮಾವನ ಶಿವಗಣಾರಾಧನೆಗೂ ಬಂದು ಪಂಕ್ತಿಯ ನಡುವೆ ನಿಂತಿತು. ಅದೇ ಬೆಟ್ಟಕ್ಕೆ ಮಂಗಳಳೂ ಒಮ್ಮೆ ಹೋಗಿದ್ದಳು. ಆದರೆ ಸಿಕ್ಕಿದ್ದು ಬಲಗಡೆ ಸೀಟು. ಹತ್ತುವಾಗ ಎಡಕ್ಕೆ ಕಣಿವೆ, ಬಲಕ್ಕೆ ಬೆಟ್ಟ ಕಡಿದ ಮಣ್ಣುಗೋಡೆ. ದಾರಿಯುದ್ದಕ್ಕೂ ಗೋಡೆ ನೋಡಿ ಬಂದವಳು ಅಕ್ಕನ ಆನೆ ಶುರುವಾದಾಗಲೆಲ್ಲ ನೀರು ತರುವ ನೆಪದಲ್ಲಿ ಎದ್ದುಹೋಗುತ್ತಿದ್ದಳು.

ಹೀಗಿರಲು ಒಂದು ಸೀಮಂತದ ಊಟದಲ್ಲಿ ದಾಕ್ಷಾಯಿಣಿಯು ಆನೆಯನ್ನು ಹೇಳಿ ಮುಗಿಸಿ, "ಪಾಪ, ನಮ್ ಮಂಗ್ಳಂಗೆ ಆ ಯೋಗ ಇಲ್ಲ" ಅಂದಳು. ಕೋಸಂಬರಿ ಬಡಿಸುತ್ತಿದ್ದ ಮಂಗಳಳ ಕೈ ಎಲೆಯ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಮುಂದಿನ ಎಲೆಗೆ ಹೋಯಿತು. ಅದನ್ನು ಕಂಡವನು ಪಾಲಾಕ್ಷಪ್ಪನೊಬ್ಬನೇ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟವನು, ಹೆಂಡತಿಯನ್ನು ಎಡಗಡೆ ಕಿಟಕಿಯಲ್ಲಿ ಕೂರಿಸದೆ ಹೋದರೆ ಈ ಹೆಗಲ ಮೇಲಿನದು ಟವಲೇ ಅಲ್ಲವೆಂದು ಅಲ್ಲೇ ಪ್ರತಿಜ್ಞೆ ಮಾಡಿದನು.

ಆ ಪ್ರತಿಜ್ಞೆಯ ದಿನ ಬಂತು. ಎರಡೂ ಸಂಸಾರಗಳು ಜೊತೆಯಾಗಿಯೇ ಬೆಟ್ಟದ ಬುಡಕ್ಕೆ ಬಂದಿಳಿದವು. ದಾಕ್ಷಾಯಿಣಿಯ ಪತಿಯೂ, ಪಾಲಾಕ್ಷಪ್ಪನಿಗೆ ಷಡ್ಡಕನೂ, ಸ್ಟೀಲ್ ಪಾತ್ರೆ ಅಂಗಡಿಯ ಒಡೆಯನಾದ್ದರಿಂದ ಸ್ಥಾಲೀಚಂಡರವಪ್ರಿಯನೂ ಆದ ಗುರುಮಲ್ಲಪ್ಪನು ಉದ್ದಹಿಡಿಯ ಕಪ್ಪು ಛತ್ರಿಯನ್ನು ನೆಲಕ್ಕೂರಿ ಇಂತೆಂದನು:

"ಎಲೈ ಧಾನ್ಯಮರ್ದನವೃತ್ತಿಯವನೇ, ಕೇಳು. ಯಾವ ಗವಾಕ್ಷದಲ್ಲಿ ಕುಳಿತು ನನ್ನ ಧರ್ಮಪತ್ನಿಯು ವನಗಜೇಂದ್ರನ ದರ್ಶನಭಾಗ್ಯವನ್ನು ಹೊಂದಿದಳೋ, ಆ ವಾಮಪಾರ್ಶ್ವಗವಾಕ್ಷವು ಆಚಂದ್ರಾರ್ಕವಾಗಿ ನನ್ನ ಮನೆತನಕ್ಕೆ ಸಂದದ್ದು. ಈ ಛತ್ರದಂಡವು ಎಷ್ಟು ಬಸ್ಸುಗಳ ಕಿಟಕಿಗಳನ್ನು ಭೇದಿಸಿದೆ ಎಂಬುದನ್ನು ಚಾಮರಾಜನಗರದ ಬಸ್ ನಿಲ್ದಾಣವನ್ನು ಕೇಳು. ಬಾಳುವ ಆಸೆಯಿದ್ದರೆ ಬಲಗಡೆ ಕೂರು."

ಅಂದರೆ ಅವನು ಬಾಯಿಬಿಟ್ಟು ಹೇಳಿದ್ದು ಇಷ್ಟು: "ಎಡಗಡೆ ಕಿಟಕಿ ಆಸೆ ಬುಟ್ಬುಡು ಪಾಲಾಕ್ಷಪ್ಪ. ನಿಮ್ಮಕ್ಕಂಗೆ ಅದೇ ಜಾಗ ಬೇಕಂತೆ."

ಅದಕ್ಕೆ ಪಾಲಾಕ್ಷಪ್ಪನು, "ಅಯ್ಯಾ ಭಾಂಡವಿಕ್ರಯಶೂರನೇ, ಛತ್ರಿ ಹಿಡಿದವರೆಲ್ಲ ಛತ್ರಪತಿಗಳಾಗುವುದಾದರೆ ಮಳೆಗಾಲದಲ್ಲಿ ಪ್ರಜೆಗಳೇ ಉಳಿಯುವುದಿಲ್ಲ. ಕೋಸಂಬರಿಯ ಮೇಲಾಣೆ, ಇಂದು ಸೂರ್ಯನು ನೆತ್ತಿಗೇರುವುದರೊಳಗೆ ಆ ಗವಾಕ್ಷದಲ್ಲಿ ನನ್ನ ಮಂಗಳೆಯ ಮುಖಚಂದ್ರನು ಉದಯಿಸದಿದ್ದರೆ ನಾನು ಗಿರಣಿಯ ಬೆಲ್ಟನ್ನು ಮುಟ್ಟುವುದಿಲ್ಲ" ಎಂದು ಘರ್ಜಿಸಿದನು. ಘರ್ಜನೆಯೆಲ್ಲ ಒಳಗೇ ನಡೆಯಿತು. ಹೊರಗೆ ಬಂದದ್ದು, "ಬಸ್ ಬರ್ಲಿ ಬುಡಣ್ಣ."

ಬಸ್ಸು ಬಂತು. ಧೂಳೀಪಟಲವನ್ನೆಬ್ಬಿಸುತ್ತ, ಸಡಿಲಗೊಂಡ ತಗಡುಗಳ ದುಂದುಭಿಯನ್ನು ಬಾರಿಸುತ್ತ, ನಿಲ್ಲುವಂತೆ ಮಾಡಿ ನಿಲ್ಲದೆ, ನಿಲ್ಲದಂತೆ ಮಾಡಿ ನಿಂತು ಬಂತು. ಅದು ನಿಲ್ಲುವ ಮೊದಲೇ ಎಸೆಯುವುದರಲ್ಲಿದೆ ಶೌರ್ಯ. ಗುರುಮಲ್ಲಪ್ಪನು ಧಾವಿಸಿ ತನ್ನ ಛತ್ರಿಯನ್ನು ಎಡಗಡೆಯ ಮುಂದಿನ ಕಿಟಕಿಯೊಳಗೆ ತೂರಿದನು. ಕಣ್ಣು ಮಿಟುಕಿಸುವಷ್ಟರಲ್ಲಿ ಪಾಲಾಕ್ಷಪ್ಪನು ಟವಲಿನ ತುದಿಗೊಂದು ಗಂಟು ಬಿಗಿದು, ಗಿರಣಿಯ ಬಾಯಿಗೆ ರಾಗಿ ಸುರಿದು ಸುರಿದು ಹದವಾದ ತೋಳನ್ನು ಹಿಂದಕ್ಕೆಳೆದು, ಕುಲದೇವರನ್ನು ನೆನೆದು, ಓಡುತ್ತಲೇ ಎಸೆದನು. ಟವಲು ಆಕಾಶದಲ್ಲಿ ಬಿಚ್ಚಿಕೊಂಡು, ಕಿಟಕಿಯ ಕಂಬಿಯನ್ನು ಸವರಿ ಒಳಹೊಕ್ಕು, ಎರಡು ಸೀಟುಗಳನ್ನೂ ಒಟ್ಟಿಗೆ ಹೊದ್ದು ಮಲಗಿತು. ಛತ್ರಿಯಾದರೋ ದುಂಡಗಿನ ಆಯುಧ. ಡ್ರೈವರು ಬ್ರೇಕ್ ಒತ್ತಿದ ಕೂಡಲೇ ಉರುಳಿ ಸೀಟಿನಡಿಗೆ ಹೋಯಿತು.

ಒಳಗೆ ಹತ್ತಿ ನೋಡಿದಾಗ ಗುರುಮಲ್ಲಪ್ಪನ ಮುಖ ಕಪ್ಪಿಟ್ಟಿತು. "ಮೊದ್ಲು ಹಾಕಿದ್ದು ನಾನು" ಅಂದನು.

"ಹಾಕಿದ್ದಿರಬೋದಣ್ಣ. ಸೀಟ್ ಮೇಲಿಲ್ವಲ್ಲ" ಅಂದನು ಪಾಲಾಕ್ಷಪ್ಪ.

ಇದು ಧರ್ಮಸೂಕ್ಷ್ಮ. ಗುರುಮಲ್ಲಪ್ಪನು ಛಲಗಾರನೇ ಹೊರತು ಅಧರ್ಮಿಯಲ್ಲ. ಬಗ್ಗಿ ಛತ್ರಿಯನ್ನು ಹೆಕ್ಕಿಕೊಂಡು, "ಮಣ್ ಗೋಡೆ ನೋಡಕ್ಕೆ ನಾನ್ ಬಂದಿಲ್ಲ. ಬಾರೇ, ಬಸ್ ವಾಪಸ್ ಬಂದಾಗ ಹೋಗನ" ಎಂದು ಹೆಂಡತಿಯನ್ನು ಕರೆದುಕೊಂಡು ಇಳಿದೇಬಿಟ್ಟನು. ಮೆಟ್ಟಿಲಲ್ಲಿ ದಾಕ್ಷಾಯಿಣಿ ತಂಗಿಯ ಕಡೆ ತಿರುಗಿ, "ಸೀಗೆಮೆಳೆ ತಿರುವಲ್ಲಿ ನೋಡು ಮಂಗ್ಳಾ, ಅಲ್ಲೇ ನಿಂತಿರದು" ಅಂದಳು. ಹೇಳದೆ ಹೋಗಲು ಅವಳಿಗೂ ಮನಸ್ಸಾಗಲಿಲ್ಲ.

ಗಂಡಹೆಂಡಿರು ಟವಲಿನ ಮೇಲೆಯೇ ಕುಳಿತರು, ಬಸ್ಸು ಬೆಟ್ಟವೇರಿತು. ಎಡಗಡೆ ಕಣಿವೆ ತೆರೆದುಕೊಂಡಿತು. ಮತ್ತಿ, ತೇಗ, ಬಿದಿರು ಹಿಂದೆ ಸರಿದು ಹುಲ್ಲುಬೋರೆಗಳು ಬಂದವು. ಬೋರೆಗಳ ಸಂದಿನಲ್ಲಿ ಮಂಜು ಹಾಲು ಉಕ್ಕಿದ ಹಾಗೆ ಏಳುತ್ತಿತ್ತು. ಜಿಂಕೆಯ ಹಿಂಡೊಂದು ತಲೆಯೆತ್ತಿ ನೋಡಿತು. ಮಂಗಳ ಸಂತೆಯಲ್ಲಿ ಪರಿಚಯದವರನ್ನು ಕಂಡಂತೆ ಅದನ್ನು ನೋಡಿ ಬಿಟ್ಟಳು. ನವಿಲೊಂದು ರಸ್ತೆ ದಾಟಿತು, ಅದೂ ಲೆಕ್ಕಕ್ಕೆ ಬರಲಿಲ್ಲ. ಅವಳು ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಸೀಗೆಮೆಳೆಯನ್ನು ಕಾಯುತ್ತಿದ್ದಳು. ಪಾಲಾಕ್ಷಪ್ಪನು ಕಣಿವೆಯನ್ನು ಬಿಟ್ಟು ಅವಳ ಮುಖವನ್ನು ಕಾಯುತ್ತಿದ್ದನು.

ತಿರುವು ಬಂತು. ಮಂಗಳ ಗಂಡನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. "ರೀ, ನಿಂತದೆ."

ನಿಂತಿತ್ತು. ಅಂಜನಾದ್ರಿಸನ್ನಿಭಶರೀರವೂ, ಮಂಜಿನ ದುಕೂಲವನ್ನು ಬೆನ್ನ ಮೇಲೆ ಹೊದ್ದದ್ದೂ, ಮಹಾಕುಂಭಸ್ಥಳದಿಂದ ಶೋಭಿತವೂ ಆಗಿ, ಸೊಂಡಿಲನ್ನು ಹುಲ್ಲಿಗಿಳಿಬಿಟ್ಟು, ಕಾಲಪುರುಷನಂತೆ ನಿಶ್ಚಲವಾಗಿ ನಿಂತಿತ್ತು. ಬಸ್ಸು ತಿರುಗಿ ಇನ್ನೊಂದು ಮಗ್ಗುಲಿಗೆ ಬಂದು ಗೇರು ಬದಲಿಸಿತು. ಆ ಗಜೇಂದ್ರನ ಪಕ್ಕೆಯ ಮೇಲೆ ಯಾರೋ ಪುಣ್ಯಾತ್ಮರು ಹಳದಿ ಬಣ್ಣದಲ್ಲಿ ದಪ್ಪಗೆ ಬರೆದಿದ್ದರು: ಪ್ಲಾಸ್ಟಿಕ್ ಎಸೆಯಬೇಡಿ. ಕುಂಭಸ್ಥಳದ ಮೇಲೆ ಕೋತಿಯೊಂದು ಕುಳಿತು ಮರಿಯ ಹೇನು ನೋಡುತ್ತಿತ್ತು.

ಅದೊಂದು ಬಂಡೆ. ಹಿಂದೆಯೂ ಬಂಡೆಯೇ ಆಗಿತ್ತು.

ಮಂಗಳ ಒಂದಕ್ಷರ ಬಿಡದೆ ಓದಿದಳು. ಹಿಡಿದ ಮುಂಗೈ ಬಿಟ್ಟು, "ಅಕ್ಕ ಕಣ್ ಮುಚ್ಕೊಂಡು ಕೈ ಮುಗಿದ್ಲಂತಲ್ಲ" ಅಂದಳು.

"ಹೂಂ."

"ಅದ್ಕೇ ಓದಿಲ್ಲ."

ಪಾಲಾಕ್ಷಪ್ಪನ ಎದೆಯಲ್ಲಿ ಭೇರಿಗಳು ಮೊಳಗಿದವು. ಕಿಟಕಿಯನ್ನು ಗೆಲ್ಲಲು ಬಂದವನಿಗೆ ಬ್ರಹ್ಮಾಸ್ತ್ರವೇ ಸಿಕ್ಕಿತ್ತು. ಇನ್ನು ಯಾವ ನಾಮಕರಣದಲ್ಲಿ, ಯಾವ ಪಂಕ್ತಿಯಲ್ಲಿ, ಪಾಯಸಕ್ಕೆ ಮುಂಚೆಯೋ ಆಮೇಲೋ ಅದನ್ನು ಪ್ರಯೋಗಿಸುವುದೆಂಬ ಯುದ್ಧಯೋಜನೆಯಲ್ಲಿ ಮುಳುಗಿ ಅವನು ಮೈಮರೆತು ಇಳಿದನು. ಬಸ್ಸು ಉಳಿದವರನ್ನು ತರಲು ಕೆಳಗೆ ಹೋಯಿತು.

ಮೇಲಿನ ಗುಡಿ ಬಹಳ ಹಳೆಯದು. ಕಲ್ಲುಕಂಬಗಳು ಸಾವಿರಾರು ಜನ ಒರಗಿ ಒರಗಿ ನುಣುಪಾಗಿದ್ದವು. ಒಳಗೆ ಹಣತೆಯ ಬೆಳಕಿನಲ್ಲಿ ಮಲ್ಲೇಶ್ವರನು ಯಾರ ಜಗಳಕ್ಕೂ ತಲೆಹಾಕದೆ ಕುಳಿತಿದ್ದನು. ವಿಭೂತಿ ಹಚ್ಚಿಕೊಂಡು ಹೊರಬಂದ ಮಂಗಳ ಜಗಲಿಯಲ್ಲಿ ಕುಳಿತು, "ರೀ, ಅಕ್ಕನ್ ಹತ್ರ ಏನೂ ಹೇಳ್ಬೇಡಿ" ಅಂದಳು.

"ಯಾಕೆ? ಅಷ್ಟ್ ಜನದ ಮುಂದೆ ನಿನ್ನ ಪಾಪ ಅಂದವ್ಳು ಅವ್ಳು."

"ಅಂದ್ಲು. ನಂಗೂ ಉರೀತು." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಆದ್ರೆ ಅವ್ಳ್ ಹತ್ರ ಹೇಳ್ಕೊಳಕ್ಕೆ ಇನ್ನೇನದೆ ಹೇಳಿ. ಅದೊಂದ್ ಆನೆ."

ಪಾಲಾಕ್ಷಪ್ಪನಿಗೆ ಹೆಂಡತಿಯ ಮೇಲೆ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚು ಪ್ರೀತಿಯೂ ಬಂತು. ಕಣ್ಣೊರೆಸಿಕೊಳ್ಳಲು ಹೆಗಲಿಗೆ ಕೈಹಾಕಿದನು. ಟವಲಿರಲಿಲ್ಲ.

ಅಷ್ಟರಲ್ಲಿ ಬಸ್ಸು ಮತ್ತೆ ಬಂತು. ಗುರುಮಲ್ಲಪ್ಪನು ಸೊಂಟ ಹಿಡಿದುಕೊಂಡು ಇಳಿದನು. ಹಿಂದೆ ದಾಕ್ಷಾಯಿಣಿ ಮಂಡಿ ನೀವಿಕೊಳ್ಳುತ್ತ ಇಳಿದಳು.

"ಏನ್ ಜನ ಪಾಲಾಕ್ಷಪ್ಪ" ಅಂದನು ಗುರುಮಲ್ಲಪ್ಪ. "ಎಲ್ಲಾರ್ಗಿಂತ ಮುಂಚೆ ಹತ್ತಿದ್ದು ನಾನು. ನೋಡಿದ್ರೆ ಎಡಗಡೆ ಮುಂದಿನ ಸೀಟ್ ಮೇಲೆ ಯಾವನೋ ನಿನ್ನಂಗೇ ಬಿಳೀ ಟವಲ್ ಹಾಕವ್ನೆ. ಮಿಕ್ಕಿದ್ದು ತುಂಬೋಯ್ತು. ಅಂವ ಬತ್ತಾನೆ ಬತ್ತಾನೆ ಅಂತ ಕಾದು ಕಾದು, ಬೆಟ್ಟದ್ ಮೇಲ್ಗಂಟ ನಿಂತ್ಕೊಂಡೇ ಬಂದೋ. ಪುಣ್ಯಾತ್ಮ ಬರ್ಲೇ ಇಲ್ಲ."

"ಕೂತ್ಕೊಬಾರ್ದಾಗಿತ್ತಾ ಅಣ್ಣ" ಎಂದು ಪಾಲಾಕ್ಷಪ್ಪ ನೆಲ ನೋಡುತ್ತ ಕೇಳಿದನು.

"ಟವಲ್ ಹಾಕಿದ್ರೆ ಹೆಂಗಪ್ಪ ಕೂರದು?"

ದಾಕ್ಷಾಯಿಣಿಗೆ ಇದಾವುದೂ ಬೇಕಿರಲಿಲ್ಲ. ನಿಂತವರ ನಡುವೆ ಸಿಕ್ಕಿ ಅವಳಿಗೆ ಕಣಿವೆಯ ಚೂರೂ ಕಂಡಿರಲಿಲ್ಲ. ನೇರವಾಗಿ ತಂಗಿಯ ಬಳಿಗೆ ಬಂದು, ಮೆಲ್ಲಗೆ, ಏನೋ ಕೇಳಬಾರದ್ದನ್ನು ಕೇಳುವವಳಂತೆ, "ನೋಡ್ದಾ?" ಅಂದಳು.

ಪಾಲಾಕ್ಷಪ್ಪನು ಹೆಂಡತಿಯ ಮುಖ ನೋಡಿದನು.

"ನೋಡ್ದೆ ಕಣಕ್ಕ. ನೀ ಹೇಳಿದ್ ಜಾಗ್ದಲ್ಲೇ ನಿಂತಿತ್ತು."

"ಕಿವಿ ಆಡಿಸ್ತಾ? ನಾ ಕಣ್ ಮುಚ್ಕಂಡ್ಬುಟ್ಟೆ, ನೋಡ್ಲಿಲ್ಲ."

"ಆಡಿಸ್ತು."

ದಾಕ್ಷಾಯಿಣಿಯ ಕಣ್ಣು ತುಂಬಿತು. "ಅದೇ ನಂಗೂ ಅನ್ಸಿದ್ದು. ಬಾ, ಪೂಜೆ ಮಾಡಿಸ್ಕಂಡ್ ಬರನ" ಎಂದು ತಂಗಿಯ ಕೈ ಹಿಡಿದು ಒಳಗೆ ಕರೆದೊಯ್ದಳು.

ಮರಳುವ ಬಸ್ಸಿಗೆ ನೂಕುನುಗ್ಗಲು. ಮೊದಲು ಹತ್ತಿದ ಪಾಲಾಕ್ಷಪ್ಪನ ಕಣ್ಣಿಗೆ ಬಿದ್ದದ್ದು ಎಡಗಡೆಯ ಮುಂದಿನ ಸೀಟಿನಲ್ಲಿ, ತುದಿಗೆ ಗಂಟು ಹಾಕಿಸಿಕೊಂಡು, ಹಾಕಿದ ಹಾಗೆಯೇ ಹಾಯಾಗಿ ಮಲಗಿದ್ದ ಅವನ ಟವಲು. ಕೈ ಮುಂದೆ ಹೋಯಿತು. ಬೆನ್ನ ಹಿಂದೆ ಗುರುಮಲ್ಲಪ್ಪನ ಛತ್ರಿ ಟಕಟಕ ಎನ್ನುತ್ತಿತ್ತು. ಕೈ ಹಿಂದೆ ಬಂತು. ನಾಲ್ವರೂ ನಿಂತರು.

ಇಳಿಯುವಾಗ ಕಣಿವೆ ಬಲಕ್ಕೆ ಬಂತು. ಆ ಎಡಗಡೆ ಕಿಟಕಿಯ ಹೊರಗೆ ಮಣ್ಣುಗೋಡೆಯಲ್ಲದೆ ಏನೂ ಇರಲಿಲ್ಲ. ಸೀಗೆಮೆಳೆಯ ತಿರುವಿನಲ್ಲಿ ದಟ್ಟ ಮಂಜು ಕವಿದಿತ್ತು. ಅಕ್ಕ ತಂಗಿ ಇಬ್ಬರೂ ಕಂಬಿ ಬಿಟ್ಟು, ಕಣ್ಣು ಮುಚ್ಚಿ, ಮಂಜಿಗೆ ಕೈಮುಗಿದರು.

ಕಂಡಕ್ಟರು ಸೀಟಿನ ಹತ್ತಿರ ಬಂದು, "ಯಾರ್ದಪ್ಪ ಈ ಟವಲ್ಲು? ಬೆಳಿಗ್ಗೆಯಿಂದ ಓಡಾಡ್ತಾನೇ ಅದೆ" ಅಂದನು.

"ಇರ್ಲಿ ಬುಡಿ, ಯಾರೋ ಹಾಕವ್ರಲ್ಲ" ಅಂದನು ಗುರುಮಲ್ಲಪ್ಪ.

ರಾಗಿಧೂಳಿಧೂಸರಿತಗಾತ್ರನಾದ ಪಾಲಾಕ್ಷಪ್ಪನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡನು.