ರೊಟ್ಟಿಗೆ ಕೊಟ್ಟ ಲಕೋಟೆ

ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವನು ನಾನು. ಅದರ ಪರಿಣಾಮ ಅನುಭವಿಸಿದವರು ಮಾತ್ರ ಮನೆಯವರೆಲ್ಲ.

ಶಿಗ್ಗಾವಿಯ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. (ಆರು ವರ್ಷಗಳಿಂದ ಅತಿಥಿ. ಇಷ್ಟು ದಿನ ಕೂತ ಅತಿಥಿಯನ್ನು ನಮ್ಮೂರು ದುಂಡಸಿಯಲ್ಲಾಗಿದ್ದರೆ ಎಂದೋ ಬಸ್ಸು ಹತ್ತಿಸುತ್ತಿದ್ದರು.) ದೇಶದ ಸಂಪತ್ತು ಎಂದರೆ ತಿಜೋರಿಯ ನೋಟಲ್ಲ, ಜನರ ದುಡಿಮೆ ಎಂದು ವರ್ಷಕ್ಕೆರಡು ಸಲ ಮೇಜು ಕುಟ್ಟಿ ಬೋಧಿಸುತ್ತೇನೆ.

ಕಳೆದ ಫೆಬ್ರುವರಿಯಲ್ಲಿ ಹೆಂಡತಿ ನೀಲಾಂಬಿಕಾಳ ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬಸ. ಹತ್ತಿಮತ್ತೂರಿನಿಂದ ಬೀಗರು ಟ್ರ್ಯಾಕ್ಟರ್ ತುಂಬ ಬರುವವರಿದ್ದರು. ಅಷ್ಟು ಜನಕ್ಕೆ ಜೋಳದ ರೊಟ್ಟಿಯಾಗಬೇಕು. ನಮ್ಮೂರಲ್ಲಿ ಅದಕ್ಕೆ ಕೂಲಿ ಹಿಡಿಯುವುದಿಲ್ಲ. ಹಿಂದಿನ ದಿನ ಓಣಿಯ ಹೆಂಗಸರು ಬಂದು ಬಡಿದುಕೊಡುತ್ತಾರೆ. ಅವರ ಮನೆಯಲ್ಲಿ ಕೆಲಸ ಬಿದ್ದಾಗ ನಾವು ಹೋಗುತ್ತೇವೆ. (ನಾವು ಎಂದರೆ ನನ್ನ ಅವ್ವ ಭರಮವ್ವ.)

ಅಂದು ಬೆಳಿಗ್ಗೆ ಹಿತ್ತಿಲಲ್ಲಿ ಒಲೆಗಳು ಹೊತ್ತಿದ್ದವು. ನೆರೆಮನೆಯ ಶಾರವ್ವ, ಎದುರುಮನೆಯ ಹಾಜರಾಬಿ, ಇನ್ನೂ ಎಂಟು ಮಂದಿ ತಟತಟ ಬಡಿಯುತ್ತಿದ್ದರು. ಅವರ ಬೆವರು ನೋಡಿ ನನ್ನೊಳಗಿನ ಅರ್ಥಶಾಸ್ತ್ರಜ್ಞ ಎದ್ದು ನಿಂತ. ಸಂಬಳವಿಲ್ಲದ ದುಡಿಮೆ! ಶೋಷಣೆ! ಅದೂ ನನ್ನದೇ ಹಿತ್ತಿಲಲ್ಲಿ! ಅಂಗಡಿಗೆ ಓಡಿ ಲಕೋಟೆ ತಂದು, ಒಂದೊಂದರಲ್ಲೂ ದಿನದ ಕೂಲಿ ಇಟ್ಟು, ಚಿಕ್ಕ ಭಾಷಣದ ಸಮೇತ ಹಂಚಿದೆ.

ತಟತಟ ನಿಂತಿತು.

“ಇದೇನೋ ತಮ್ಮಾ?” ಎಂದಳು ಶಾರವ್ವ.

“ನಿಮ್ಮ ದುಡಿಮಿ ಬೆಲೀರಿ, ಅಕ್ಕಾರ.”

“ನಾವೇನು ರೊಕ್ಕಕ್ಕ ಬಂದೇವೇನು? ನಿಮ್ಮವ್ವ ನನ್ನ ಮಗಳ ಮದುವ್ಯಾಗ ಎರಡು ದಿನ ಒಲಿ ಮುಂದ ಕುಂತಿದ್ಲು. ಅಕಿಗೆ ನಾ ಎಷ್ಟು ಕೊಡ್ಲಿ, ಹೇಳು?”

“ಮಾಸ್ತರು ಚುಕ್ತಾ ಮಾಡಿಬಿಟ್ರವ್ವಾ,” ಎಂದಳು ಹಾಜರಾಬಿ. “ಇನ್ನ ನಮ್ಮನಿ ಕೆಲಸಕ್ಕ ಭರಮವ್ವ ಬರೂದಿಲ್ಲ ಅಂದಂಗಾತು. ಏಳ್ರಿ, ಏಳ್ರಿ.”

ಲಕೋಟೆಗಳನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಹತ್ತೂ ಮಂದಿ ಹೊರಟುಹೋದರು.

ಶಿಗ್ಗಾವಿಯ ಖಾನಾವಳಿಯವನಿಗೆ ಫೋನ್ ಮಾಡಿದೆ. “ನಾಳಿಗೆ ಆರ್ನೂರು ರೊಟ್ಟಿನಾ? ರೊಕ್ಕ ಎಷ್ಟರ ಕೊಡ್ರಿ ಸರ, ಬಡ್ಯಾಕ ಕೈ ಬೇಕಲ್ರಿ!” ಎಂದು ಅವನು ನಕ್ಕ. ನನ್ನ ಇಡೀ ಪಾಠವನ್ನು ಮೇಜು ಕುಟ್ಟದೆ ಹೇಳಿ ಮುಗಿಸಿದ್ದ.

ಏಳು ತಿಂಗಳ ಬಸುರಿ ನೀಲಾಂಬಿಕಾ ಬಾಗಿಲಲ್ಲಿ ನಿಂತಿದ್ದಳು.

“ನಾಳಿ ನಮ್ಮಪ್ಪನ ತಾಟಿನಾಗ ಏನು ನೀಡ್ತೀರಿ? ನೋಟಿಗೆ ಎಣ್ಣಿಗಾಯಿ ಹಚ್ಚಿ ಕೊಡ್ತೀರೇನು?”

“ನಾ ಒಳ್ಳೇದಕ್ಕಂತ...”

“ಒಳ್ಳೇದು ಮಾಡೂ ಮುಂದ ನನ್ನ ಒಂದು ಮಾತು ಕೇಳ್ರಿ ಅಂತ ಎಷ್ಟು ಸಲ ಹೇಳೇನಿ?”

ಅವ್ವ ಓಣಿಯ ಕಡೆ ಬೆರಳು ತೋರಿಸಿದಳು. ಮನೆಮನೆಗೂ ಹೋಗಿ ಕೈಮುಗಿದೆ. “ತಪ್ಪಾತ್ರಿ. ನಿಮ್ಮನಿ ಕೆಲಸಕ್ಕ ಅವ್ವನ ಜೋಡಿ ನಾನೂ ಬರ್ತೇನಿ.”

“ನೀನು? ರೊಟ್ಟಿ ಬಡ್ಯಾಕ?” ಶಾರವ್ವ ಸೆರಗು ಬಾಯಿಗಿಟ್ಟು ನಕ್ಕಳು. ಆ ನಗು ಓಣಿಯುದ್ದಕ್ಕೂ ಹರಿದು, ಮಧ್ಯಾಹ್ನದ ಹೊತ್ತಿಗೆ ಎಲ್ಲರನ್ನೂ ನಮ್ಮ ಹಿತ್ತಿಲಿಗೆ ಕರೆತಂದಿತು. ಮರುದಿನ ಮಾವನವರು ಐದನೆಯ ರೊಟ್ಟಿ ಕೇಳಿದಾಗ ನನ್ನ ಕಣ್ಣು ತುಂಬಿ ಬಂತು.

ವಾರದ ನಂತರ ಶಾರವ್ವನ ಮನೆಯ ಸರದಿ. ಕೊಟ್ಟ ಮಾತಿನಂತೆ ಹಿಟ್ಟಿನ ಮುಂದೆ ಕುಳಿತೆ. ನನ್ನ ಮೊದಲ ರೊಟ್ಟಿ ನಮ್ಮ ಜಿಲ್ಲೆಯ ನಕ್ಷೆಯಂತೆ ಬಂತು. ಎತ್ತುವಾಗ ಸವಣೂರು ಹರಿಯಿತು, ಹಾನಗಲ್ಲು ಸೀದುಹೋಯಿತು, ಹಿರೇಕೆರೂರು ಹಂಚಿಗೇ ಅಂಟಿಕೊಂಡಿತು.

ನಾಲ್ಕನೆಯ ರೊಟ್ಟಿಗೆ ಶಾರವ್ವ ಒಳಗೆ ಹೋಗಿ ಒಂದು ಲಕೋಟೆ ತಂದು ನನ್ನ ಮುಂದಿಟ್ಟಳು. “ಇದನ್ನ ತಗೊಂಡು ಮನಿಗೆ ಹೋಗೋ ತಮ್ಮಾ. ಹಿಟ್ಟರ ಉಳೀತೈತಿ.”

ಕಾದ ಹಂಚು ಮುಖಕ್ಕೆ ಹಿಡಿದಂತಾಯಿತು. “ನಾನೇನು ರೊಕ್ಕಕ್ಕ ಬಂದೇನೇನು, ಅಕ್ಕಾರ?” ಎಂದುಬಿಟ್ಟೆ.

ಹಿತ್ತಿಲು ಹಾರಿಹೋಗುವಂತೆ ಎಲ್ಲರೂ ನಕ್ಕರು. ಲಕೋಟೆ ಖಾಲಿಯಿತ್ತು. ಶಾರವ್ವ ನನ್ನ ಮುಂದಿನ ಹಿಟ್ಟಿನ ಪರಾತ ಎಳೆದುಕೊಂಡು ಕೈಗೆ ನೀರಿನ ಕೊಡ ಕೊಟ್ಟಳು.

ಅಂದಿನಿಂದ ಓಣಿಯಲ್ಲಿ ಯಾರ ಮನೆಯಲ್ಲಿ ರೊಟ್ಟಿಯಾದರೂ ನೀರು ತರುವವನು ನಾನೇ. ಆರು ವರ್ಷದ ಅತಿಥಿಗೆ ಸಿಕ್ಕ ಮೊದಲ ಕಾಯಂ ನೌಕರಿ. ಕೊಟ್ಟವರಿಗೆ ಋಣಿಯಾಗಿದ್ದೇನೆ. ಸಂಬಳ ಕೇಳುವ ಧೈರ್ಯ ಮಾತ್ರ ನನಗಿಲ್ಲ.